ಸಿಮೆಂಟ್ ಮೆತ್ತಿದ ತೂತು

ಹೋದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಒಂದು ಮಾವಿನ ಮರದ ಹಿಂದೆ ಅವಿತುಕೊಂಡು ಲಟ್ಟಣಿಗೆಯಿಂದ ಆ ಮರವನ್ನು ಕುಟ್ಟುತ್ತಿದ್ದೆ.

ವಯಸ್ಸು ಐವತ್ನಾಲ್ಕು. ಮಾಲೂರಿನ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮಲಗುವವಳು. ಅಂಥವಳು ಚಪಾತಿ ಲಟ್ಟಿಸುವ ಕೋಲು ಹಿಡಿದು ಮರಕ್ಕೆ ಬಡಿಯುತ್ತಿದ್ದೆ. ಟಕ್ ಟಕ್ ಟಕ್. ಸ್ವಲ್ಪ ನಿಲ್ಲಿಸುವುದು. ಮತ್ತೆ ಟಕ್ ಟಕ್ ಟಕ್. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರು?

ಮರದ ಆ ಕಡೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮಣ್ಣ ಕೂತಿದ್ದ. ಮರಕುಟಿಗ ಬಂದು ಕುಟ್ಟುತ್ತಿದೆ ಎಂದು ಅವನು ನಂಬಲಿ ಅಂತ ನನ್ನ ಈ ನಾಟಕ. ಅಣ್ಣನಿಗೆ ಕಣ್ಣು ಕಾಣುವುದಿಲ್ಲ. ಅಂದಮೇಲೆ ನಾನು ಅವಿತುಕೊಳ್ಳುವ ಅಗತ್ಯವೇ ಇರಲಿಲ್ಲ. ಎದುರಿಗೇ ನಿಂತು ಕುಟ್ಟಬಹುದಿತ್ತು. ಆದರೂ ಮರದ ಮರೆಗೆ ಹೋದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ಈ ಅಂಕಣ ಓದುವ ಕೆಲವರಿಗೆ ನೆನಪಿರಬಹುದು. ಏಪ್ರಿಲ್‌ನಲ್ಲಿ ಇದೇ ಜಾಗದಲ್ಲಿ ‘ಮರಕ್ಕೂ ಹಲ್ಲು ತುಂಬಿಸಬಹುದು’ ಅಂತ ಬರೆದಿದ್ದೆ. ನಮ್ಮ ತೋಟದ ಹಳೇ ಮರಕ್ಕೆ ಹುಳ ಬಿದ್ದದ್ದು, ನಾನೊಬ್ಬಳೇ ಸಿಮೆಂಟ್ ಕಲಸಿ ತೂತು ಮುಚ್ಚಿದ್ದು, ಹೆಂಗಸರು ಮನಸ್ಸು ಮಾಡಿದರೆ ಏನು ತಾನೇ ಆಗಲ್ಲ ಅಂತೆಲ್ಲ ಕೊಚ್ಚಿಕೊಂಡಿದ್ದೆ. ತುಂಬಾ ಜನ ಮೆಸೇಜ್ ಮಾಡಿದಿರಿ. ಚಿಂತಾಮಣಿಯ ಓದುಗರೊಬ್ಬರು ಫೋನ್ ಮಾಡಿ, ತಮ್ಮ ಹಿತ್ತಲಿನ ಮರಕ್ಕೂ ಹಾಗೇ ಮಾಡಿಸುತ್ತೇನೆ ಅಂದಿದ್ದರು. (ಅವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಕೊನೆಯವರೆಗೂ ಓದಿ.)

ಆ ಬರಹ ತಪ್ಪು. ಒಂದೆರಡು ಸಾಲಲ್ಲ, ಪೂರ್ತಿ ತಪ್ಪು. ಯಾರದೋ ಹೆಸರು ತಪ್ಪಾಗಿ ಅಚ್ಚಾದರೆ ಪತ್ರಿಕೆಯವರು ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಾರಲ್ಲ, ಇದೂ ಅಂಥದ್ದೇ ಅಂದುಕೊಳ್ಳಿ. ಸ್ವಲ್ಪ ಉದ್ದ, ಅಷ್ಟೇ.

ಶ್ರೀನಿವಾಸಪುರದಿಂದಾಚೆ ನಮ್ಮದೊಂದು ಮಾವಿನ ತೋಟ. ನೋಡಿಕೊಳ್ಳುವವನು ಅಣ್ಣ. ಹೆಸರು ವೆಂಕಟಪ್ಪ, ಊರಿಗೆಲ್ಲ ವೆಂಕಟಣ್ಣ. ನನಗಿಂತ ಹನ್ನೊಂದು ವರ್ಷ ದೊಡ್ಡವನು. ನಾನು ಕೋಲಾರದ ಮನೆಯಲ್ಲಿ ಕೂತು ವರ್ಷಕ್ಕೆರಡು ಬುಟ್ಟಿ ಹಣ್ಣು ತಿಂದು ‘ನಮ್ಮ ತೋಟ’ ಅನ್ನುವವಳು. ತೋಟದ ತುಂಬ ತೋತಾಪುರಿ, ಬಾದಾಮಿ, ಬೇನಿಷಾ. ಬೇಲಿಯ ಪಕ್ಕ ಒಂದೇ ಒಂದು ನಾಟಿ ಮರ. ಉಪ್ಪಿನಕಾಯಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ ಹುಳಿ ಕಾಯಿ. ಅದರ ದಪ್ಪ ಕೊಂಬೆಯೊಂದು ಒಣಗಿ ಎಷ್ಟೋ ವರ್ಷವಾಯಿತು. ಒಣಗಿದ್ದನ್ನು ಯಾಕೆ ಕಡಿಸಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ಅಣ್ಣ ಸುಮ್ಮನಿರುತ್ತಾನೆ. ಒತ್ತಾಯ ಮಾಡಿದರೆ “ಅದು ಖಾಲಿ ಇಲ್ಲ” ಅನ್ನುತ್ತಾನೆ, ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ಹೇಳುವ ಹಾಗೆ.

ಬಾಡಿಗೆದಾರರು ಯಾರೆಂದರೆ ಒಂದು ಜೋಡಿ ಮರಕುಟಿಗ. ಬೆನ್ನು ಅರಿಶಿನ ಬಳಿದ ಹಾಗೆ ಹೊಂಬಣ್ಣ, ತಲೆ ಮೇಲೆ ಕೆಂಪು ಜುಟ್ಟು. ಅಣ್ಣ ಅದನ್ನು ವಡ್ರಂಗಿ ಅನ್ನುತ್ತಾನೆ. ತೆಲುಗಿನಲ್ಲಿ ವಡ್ರಂಗಿ ಅಂದರೆ ಬಡಗಿ. (ನಮ್ಮ ಕಡೆ ಹಕ್ಕಿಗಳಿಗೂ ಎರಡು ಭಾಷೆ ಬರುತ್ತದೆ.)

ಅಣ್ಣನಿಗೆ ಮೊದಲಿನಿಂದಲೂ ಒಂದು ಅಭ್ಯಾಸ. ಮರದ ಹತ್ತಿರ ಹೋದರೆ ಕುಡುಗೋಲಿನ ಹಿಡಿಯಿಂದ ಕಾಂಡಕ್ಕೆ ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳುತ್ತಾನೆ. ಒಳಗೆ ಹುಳ ಕೊರೆದಿದ್ದರೆ ಸದ್ದು ಬೇರೆ ಬರುತ್ತದಂತೆ. ಯಾರು ಕಲಿಸಿದ್ದು ಅಂದರೆ ನಾಟಿ ಮರದ ಕಡೆ ಕೈ ತೋರಿಸುತ್ತಾನೆ.

“ವಡ್ರಂಗಿ ಸುಮ್‌ಸುಮ್ನೆ ಕುಟ್ಟಲ್ಲ ಕಣೇ. ಮೊದ್ಲು ತಟ್ತದೆ. ಆಮೇಲೆ ತಲೆ ಓರೆ ಮಾಡ್ಕೊಂಡು ಕೇಳ್ತದೆ. ಒಳಗೆ ಹುಳ ಐತೆ ಅಂತ ಗ್ಯಾರಂಟಿ ಆದ್ಮೇಲೇನೇ ಕೊರೆಯೋದು. ನಮ್ ಡಾಕ್ಟ್ರುಗಳು ಇಷ್ಟು ನಿಧಾನಕ್ಕೆ ನೋಡ್ತಾರಾ?”

ಎರಡು ವರ್ಷದಿಂದ ಅವನ ಕಣ್ಣು ಮಸುಕಾಗುತ್ತಾ ಬಂದಿತ್ತು. ಕಣ್ಣಿನೊಳಗೆ ಪ್ರೆಶರ್ ಹೆಚ್ಚಾಗಿ ನರ ಕೆಡುತ್ತದಂತೆ. ನೋವಿಲ್ಲ, ಕೆಂಪಾಗುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ನಾವೆಲ್ಲ ಸುಮ್ಮನಿದ್ದೆವು. ತಡ ಮಾಡಿದ್ದು ನಾವೇ, ಡಾಕ್ಟರನ್ನು ದೂರುವ ಹಾಗಿಲ್ಲ. ಮಾರ್ಚ್ ಕೊನೆಯಲ್ಲಿ ಆಪರೇಷನ್‌ಗೆ ಬೆಂಗಳೂರಿಗೆ ಹೊರಡುವ ದಿನ ಅವನು ಕಾರು ಹತ್ತುವ ಮೊದಲು ನಾಟಿ ಮರದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಿದ್ದ. ಹಕ್ಕಿ ಒಣ ಕೊಂಬೆಯನ್ನು ಕುಟ್ಟುತ್ತಿತ್ತು.

“ಕಣ್ಣು ಬಂದ್ರೆ ಸಂತೋಷ. ಬರದಿದ್ರೂ ಏನಾಯ್ತು? ಬೆಳಿಗ್ಗೆ ಇದೊಂದು ಕುಟ್ಟಿದ್ರೆ ಸಾಕು, ತೋಟ ಇದ್ದ ಹಾಗೇ ಐತೆ ಅಂತ ಗೊತ್ತಾಗ್ತದೆ” ಅಂದ.

ಆ ಮಾತು ನನಗೆ ಚೆನ್ನಾಗಿ ಕೇಳಿಸಿತ್ತು. ಹಾಗಾಗಿ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಆಪರೇಷನ್ ಆದ ಮೇಲೆ ಆಸ್ಪತ್ರೆಯ ಹತ್ತಿರವೇ ರೂಮು ಮಾಡಿಕೊಂಡು ಅಣ್ಣ ಅತ್ತಿಗೆ ತಿಂಗಳ ಮೇಲೆ ಅಲ್ಲೇ ಇದ್ದರು. ಯುಗಾದಿ ಕಳೆದ ಮೇಲೆ ಒಂದು ದಿನ ಅಣ್ಣ ಫೋನ್ ಮಾಡಿದ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ತಲೆಯಲ್ಲಿ ತೋಟವೇ ಓಡುತ್ತಿತ್ತು.

“ಶಾರದಾ, ನಾಟಿ ಮರಕ್ಕೆ ಹುಳ ಬಿದ್ದಿದೆ, ಬರೋ ಅವಸರದಲ್ಲಿ ಹಾಗೇ ಬಿಟ್ಟು ಬಂದೆ. ಬುಡದಲ್ಲಿ ಮರದ ಪುಡಿ ಬಿದ್ದಿರ್ತದೆ ನೋಡು. ಪುಡಿ ಎಲ್ಲಿ ಬಿದ್ದಿದ್ಯೋ ಅದರ ನೇರಕ್ಕೆ ಮೇಲೆ ತೂತು ಇರ್ತದೆ. ಸೈಕಲ್ ಕಡ್ಡಿ ಹಾಕಿ ಹುಳ ತೆಗೆದು, ಹತ್ತಿಗೆ ಪೆಟ್ರೋಲ್ ಅದ್ದಿ ತುರುಕಿ, ಮೇಲೆ ಕೆಮ್ಮಣ್ಣು ಮೆತ್ತಬೇಕು. ತೂತು ಎಷ್ಟು ದಪ್ಪ ಇರ್ತದೆ ಅಂದ್ರೆ...”

“ಗೊತ್ತಾಯ್ತು ಬಿಡಣ್ಣ, ನಾನು ನೋಡ್ಕೋತೀನಿ” ಅಂದೆ. ತೂತು ಎಷ್ಟು ದಪ್ಪ ಇರುತ್ತದೆ ಅಂತ ಕೇಳಿಸಿಕೊಳ್ಳಲಿಲ್ಲ. ಕ್ಲಾಸಿಗೆ ತಡವಾಗಿತ್ತು.

ಆ ಮಂಗಳವಾರ ರಜೆ ಇತ್ತು. ತೋಟಕ್ಕೆ ಹೋದೆ. ನಾಟಿ ಮರದ ಬುಡದಲ್ಲಿ ನೋಡಿದರೆ ನಿಜವಾಗಿಯೂ ಮರದ ಚೂರುಗಳು ಬಿದ್ದಿದ್ದವು. ಪುಡಿಯಲ್ಲ, ಚೂರು. ಬಡಗಿ ಉಳಿಯಲ್ಲಿ ಕೆತ್ತಿದಾಗ ಬೀಳುತ್ತದಲ್ಲ, ಅಂಥವು. ಎರಡಕ್ಕೂ ವ್ಯತ್ಯಾಸ ಇದೆ ಎಂದು ನನಗೆ ಹೊಳೆಯಲಿಲ್ಲ. ಅಲ್ಲಿಂದ ನೇರ ಮೇಲೆ ನೋಡಿದೆ. ಒಣ ಕೊಂಬೆಯ ಬುಡದಲ್ಲಿ, ಹತ್ತು ಅಡಿ ಎತ್ತರದಲ್ಲಿ, ಗುಂಡಗೆ ಒಂದು ತೂತು. ಲೋಟ ಇಟ್ಟು ಗೆರೆ ಎಳೆದಷ್ಟು ಗುಂಡಗೆ. ಅಯ್ಯೋ, ಇಷ್ಟು ದೊಡ್ಡ ತೂತು ಮಾಡಿದೆ ಅಂದರೆ ಹುಳ ಎಷ್ಟು ದಪ್ಪ ಇರಬೇಡ?

ನೀವು ನಗಬಹುದು. ಗೂಡು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಕಾಗೆ ಗೂಡು. ಕಡ್ಡಿ, ನಾರು, ತಂತಿ ಚೂರು. ಮರಕುಟಿಗ ಮರದ ಒಳಗೇ ಮನೆ ಕೊರೆದುಕೊಂಡು ಅಲ್ಲೇ ಮರಿ ಮಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಅದು ಅಲ್ಲಿಗೆ ಹುಳ ತಿನ್ನಲು ಬರುತ್ತದೆ ಅಷ್ಟೇ ಅಂದುಕೊಂಡಿದ್ದೆ. ಆ ಹಕ್ಕಿಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೋಡಿದ್ದೇನೆ ಅಂದರೆ ತಿಳಿದಿದ್ದೇನೆ ಅಂತಲೇ? ನನಗೆ ಗೊತ್ತಿಲ್ಲ ಅನ್ನುವುದು ಅಣ್ಣನಿಗೂ ಗೊತ್ತಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನ ಉತ್ಸಾಹವೂ ಹಾಗೇ ಇತ್ತು. ಪೆಟ್ರೋಲ್ ವಾಸನೆ ನನಗೆ ಆಗುವುದಿಲ್ಲ, ಅದನ್ನು ಬಿಟ್ಟೆ. ಕೆಮ್ಮಣ್ಣು ಮಳೆಗೆ ತೊಳೆದುಹೋಗುತ್ತದೆ, ಅದಕ್ಕಿಂತ ಸಿಮೆಂಟೇ ವಾಸಿ ಅಂದುಕೊಂಡೆ. ನೀರಿನ ತೊಟ್ಟಿ ಕಟ್ಟಿಸಿ ಉಳಿದಿದ್ದ ಸಿಮೆಂಟ್ ಶೆಡ್ಡಿನಲ್ಲಿತ್ತು. ಮರಳು ಸೇರಿಸಿ ಕಲಸಿದೆ. ಏಣಿ ಹತ್ತಿ ತೂತಿನೊಳಗೆ ಇಣುಕಿದೆ. ಕತ್ತಲು. ಸದ್ದಿಲ್ಲ. ಗೋಣಿಚೀಲದ ತುಂಡು ಮಡಿಸಿ ಬಾಯಿಗೆ ತುರುಕಿ, ಮೇಲೆ ಸಿಮೆಂಟ್ ಮೆತ್ತಿ, ಕರಣೆಯಿಂದ ನುಣ್ಣಗೆ ಸವರಿದೆ. ನಮ್ಮ ಮನೆ ಕಟ್ಟಿದ ಮೇಸ್ತ್ರಿಯೂ ಅಷ್ಟು ನುಣ್ಣಗೆ ಸವರಿರಲಿಲ್ಲ. ಏಣಿ ಮೇಲೆ ನಿಂತೇ ಒಂದು ಸೆಲ್ಫಿ ತೆಗೆದುಕೊಂಡೆ.

ಸಿಮೆಂಟ್ ಬೇಗ ಒಣಗಿದರೆ ಬಿರುಕು ಬಿಡುತ್ತದಲ್ಲ? ಅದಕ್ಕೆ ಸಂಜೆವರೆಗೂ ಮರದ ಕೆಳಗೇ ಕೂತಿದ್ದು ಆಗಾಗ ಹತ್ತಿ ನೀರು ಚಿಮುಕಿಸಿದೆ. ಪಕ್ಕದ ಮರದಲ್ಲಿ ಮರಕುಟಿಗ ಒಂದೇ ಸಮ ಕೂಗುತ್ತಿತ್ತು. ಒಂದು ಸಲ ನನ್ನ ತಲೆಯ ಮೇಲೇ ಹಾರಿ ಹೋಯಿತು. ಹುಳ ತಿನ್ನುವ ಜಾಗ ಮುಚ್ಚಿದೆ ಅಂತ ಸಿಟ್ಟು ಬಂದಿರಬೇಕು ಅಂದುಕೊಂಡೆ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆ.

ನಾನು ಅಲ್ಲಿಂದ ಎದ್ದು ಹೋಗಿದ್ದರೆ ಸಿಮೆಂಟ್ ಹಸಿಯಿರುವಾಗಲೇ ಅದು ಬಂದು ಕೊಕ್ಕಿನಿಂದ ಕೆದಕಿ ತೆಗೆಯುತ್ತಿತ್ತೋ ಏನೋ. ಗಟ್ಟಿಯಾಗುವ ತನಕ ಕಾವಲು ಕೂತಿದ್ದವಳು ನಾನೇ.

ಬರಹ ಶುಕ್ರವಾರ ಅಚ್ಚಾಯಿತು, ಸೆಲ್ಫಿ ಸಮೇತ. ಬೆಳಿಗ್ಗೆಯಿಂದ ಮೆಸೇಜುಗಳು. ಅದರ ನಡುವೆ ಬಾಬಾಜಾನ್ ಫೋನ್ ಮಾಡಿದರು.

ಬಾಬಾಜಾನ್ ಮುಳಬಾಗಿಲಿನವರು. ಹನ್ನೆರಡು ವರ್ಷದಿಂದ ನಮ್ಮ ತೋಟದ ಫಸಲು ಗುತ್ತಿಗೆ ಹಿಡಿಯುವವರು. ಹೂವು ಬಿಟ್ಟಾಗ ಔಷಧಿ ಹೊಡೆಸುವುದರಿಂದ ಹಿಡಿದು ಕಾಯಿ ಕೀಳುವ ತನಕ ತೋಟ ಅವರದ್ದೇ ಜವಾಬ್ದಾರಿ. ಕಾಯಿ ಬಲಿಯುವ ಹೊತ್ತಿಗೆ ಬಂದು ಶೆಡ್ಡಿನಲ್ಲೇ ಉಳಿಯುತ್ತಾರೆ. ಅಣ್ಣನಿಗೂ ಅವರಿಗೂ ವ್ಯಾಪಾರಕ್ಕಿಂತ ಹರಟೆ ಜಾಸ್ತಿ. ಒಬ್ಬರು ತೆಲುಗಿನಲ್ಲಿ ಬೈದರೆ ಇನ್ನೊಬ್ಬರು ಉರ್ದುವಿನಲ್ಲಿ ಉತ್ತರ ಕೊಡುತ್ತಾರೆ, ನಗುವುದು ಇಬ್ಬರೂ ಕನ್ನಡದಲ್ಲಿ.

“ಅಕ್ಕಾ, ನಿನ್ನೆ ಬಂದೆ ತೋಟಕ್ಕೆ. ಆ ನಾಟಿ ಮರದಲ್ಲಿ ಸಿಮೆಂಟ್ ಹಾಕಿದ್ದೀರಲ್ಲ, ಹಕ್ಕಿ ಅದರ ಮೇಲೇ ಕುಟ್ತಾ ಇದೆ. ಬೆಳಿಗ್ಗೆಯಿಂದ ಬಿಟ್ಟಿಲ್ಲ. ಒಂದ್ಸಲ ನೋಡಿ ಅಕ್ಕಾ.”

ನಾನು ನಕ್ಕೆ. “ಕುಟ್ಲಿ ಬಿಡಿ ಬಾಬಾಜಾನ್. ಒಂದು ಸಿಮೆಂಟಿಗೆ ಮೂರು ಮರಳು ಕಲಸಿದ್ದೀನಿ, ಅದರ ಕೊಕ್ಕೇ ಮುರಿದುಹೋಗ್ಬೇಕು” ಅಂದೆ.

ಈ ಮಾತನ್ನು ಬರೆಯಲು ಎರಡು ದಿನ ಬೇಕಾಯಿತು ನನಗೆ.

ಭಾನುವಾರ ತೋಟಕ್ಕೆ ಹೋದಾಗ ಬಾಬಾಜಾನ್ ಏಣಿ ಹಾಕಿಕೊಂಡು ಕಾಯುತ್ತಿದ್ದರು. ಮುಖ ಸರಿ ಇರಲಿಲ್ಲ. ಮೇಲೆ ಹತ್ತಿ ನೋಡಿದೆ. ನನ್ನ ನುಣ್ಣನೆಯ ಸಿಮೆಂಟಿನ ಮೇಲೆ ಸಣ್ಣ ಸಣ್ಣ ಗುಳಿ. ಸಿಮೆಂಟ್ ಬಿಡುವುದಿಲ್ಲ ಅಂತ ಗೊತ್ತಾದ ಮೇಲೆ ಹಕ್ಕಿ ಅದರ ಪಕ್ಕದಲ್ಲಿ, ಎರಡು ಬೆರಳು ಬಿಟ್ಟು, ಮರವನ್ನೇ ಹೊಸದಾಗಿ ಕೊರೆಯಲು ಶುರು ಮಾಡಿತ್ತು. ಒಂದು ಅಂಗುಲ ಕೊರೆದಿತ್ತು. ಒಳಗಿನ ಮನೆಗೆ ತಲುಪಬೇಕಾದರೆ ಇನ್ನೂ ಎಷ್ಟು ದಿನ ಬೇಕಿತ್ತೋ.

ಬಾಬಾಜಾನ್ ಉಳಿ ಸುತ್ತಿಗೆ ತಂದು ಒಡೆದರು. ಗೋಣಿ ತುಂಡು ಎಳೆದರು. ಕೈ ಹಾಕಿ ಒಂದೊಂದಾಗಿ ತೆಗೆದರು. ಎರಡು ಮರಿ. ಮೈಮೇಲೆ ಗರಿ ಬಂದಿತ್ತು, ಇನ್ನು ಕೆಲವೇ ದಿನಕ್ಕೆ ಹಾರುತ್ತಿದ್ದವೇನೋ. ಒಂದು ತಳದಲ್ಲಿತ್ತು. ಇನ್ನೊಂದು ಒಳಗೋಡೆ ಹಿಡಿದು ಹತ್ತಿಕೊಂಡು ಬಂದು ಗೋಣಿಗೆ ತಲೆ ಆನಿಸಿಕೊಂಡಿತ್ತು. ಅದರ ಉಗುರು ಗೋಣಿಯ ಎಳೆಯಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಬಾಬಾಜಾನ್ ಕನ್ನಡಕ ಹಾಕಿಕೊಳ್ಳಬೇಕಾಯಿತು.

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. “ಗೊತ್ತಿಲ್ದೆ ಆಗಿದ್ದು ಅಕ್ಕಾ” ಅಂದರು. ಮರದ ಬುಡದಲ್ಲಿ ಮಣ್ಣು ತೆಗೆದು ಎರಡನ್ನೂ ಮುಚ್ಚಿದರು. ನಾನು ಏಣಿಯ ಕಾಲು ಹಿಡಿದುಕೊಂಡು ಅತ್ತೆ. ಏಣಿಯ ಮೇಲೆ ಯಾರೂ ಇರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಹಕ್ಕಿ ಬಂತು. ಕೊಕ್ಕಿನ ತುಂಬ ಇರುವೆ ಮೊಟ್ಟೆಯೋ ಏನೋ ಬೆಳ್ಳಗೆ. ತೂತು ತೆರೆದಿದ್ದು ಕಂಡಿತು. ಒಳಗೆ ತಲೆ ಹಾಕಿತು, ತೆಗೆಯಿತು, ಮತ್ತೆ ಹಾಕಿತು. ತಂದದ್ದನ್ನು ಹಾಗೇ ಕಚ್ಚಿಕೊಂಡು ಹಾರಿಹೋಯಿತು. ಮಾರನೇ ದಿನವೂ ಬಂದಿತ್ತು ಅಂತ ಬಾಬಾಜಾನ್ ಹೇಳಿದರು. ಆಮೇಲೆ ಬರಲಿಲ್ಲ.

ಮರಿಗಳನ್ನು ಮಣ್ಣು ಮಾಡುವಾಗಲೇ ಬಾಬಾಜಾನ್‌ಗೆ ನಿಜವಾದ ಹುಳದ ತೂತೂ ಸಿಕ್ಕಿತು. ಮಂಡಿಯೆತ್ತರದಲ್ಲಿ, ಬೆರಳು ಗಾತ್ರಕ್ಕೆ, ಹಿಟ್ಟಿನಂಥ ಪುಡಿ ಸುರಿಯುತ್ತಾ. ಅಣ್ಣ ಹೇಳಿದ ಹಾಗೇ ಸೈಕಲ್ ಕಡ್ಡಿ ಹಾಕಿ ಹುಳ ಎಳೆದು, ಪೆಟ್ರೋಲ್ ಹತ್ತಿ ತುರುಕಿ, ಕೆಮ್ಮಣ್ಣು ಮೆತ್ತಿದವರು ಅವರು. ಅಂದರೆ ಮರ ಉಳಿಸಿದ್ದೂ ನಾನಲ್ಲ.

ಇನ್ನೊಂದು ವಿಷಯ. ಆ ಸೆಲ್ಫಿಯನ್ನು ಆಮೇಲೆ ದೊಡ್ಡದು ಮಾಡಿ ನೋಡಿದೆ. ಹಲ್ಲು ಬಿಟ್ಟುಕೊಂಡು ನಾನು, ಪಕ್ಕದಲ್ಲಿ ಹಸಿ ಸಿಮೆಂಟ್. ಬಲಗಡೆ ಮೇಲೆ, ಕಾಂಡದ ಅಂಚಿನಲ್ಲಿ ಒಂದು ಕೆಂಪು ಜುಟ್ಟು. ಕೊಕ್ಕಿನಲ್ಲಿ ಏನೋ ಹಿಡಿದುಕೊಂಡು ನಾನು ಇಳಿಯುವುದನ್ನೇ ಕಾಯುತ್ತಿದೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲೂ ಇದೆ. ನಿಮ್ಮ ಮನೆಯ ಹಳೇ ಪೇಪರ್ ರಾಶಿಯಲ್ಲಿ ಸಿಕ್ಕರೆ ನೋಡಿ.

ನಮಗೆ ತೂತು ಕಂಡರೆ ಕೈ ತುರಿಸುತ್ತದೆ, ಅಲ್ಲವೇ? ಒಣಗಿದ್ದು ಕಂಡರೆ ಕಡಿಯಬೇಕು, ಬಿರುಕು ಕಂಡರೆ ಮೆತ್ತಬೇಕು. ನರಸಾಪುರದ ಕಡೆ ಹೋಗುವಾಗ ನೋಡುತ್ತೇನೆ, ಕಂಪನಿಗಳ ಮುಂದೆ ಸಾಲಾಗಿ ನೆಟ್ಟ ಮರಗಳಲ್ಲಿ ಒಂದು ಒಣ ಕಡ್ಡಿ ಇಲ್ಲ. ಎಷ್ಟು ಕ್ಲೀನ್ ಅಂತ ನಾನೇ ಮೆಚ್ಚಿಕೊಂಡಿದ್ದೆ. ಈಗ ಗೊತ್ತಾಗಿದೆ, ಈ ಹಕ್ಕಿಗೆ ಮನೆ ಕೊರೆಯಲು ಸತ್ತ ಕೊಂಬೆಯೋ, ಒಳಗೆ ಟೊಳ್ಳಾದ ಮರವೋ ಬೇಕು. ಕೊರೆದ ಮನೆಯಲ್ಲಿ ಅದು ಒಂದು ಸಲ ಮರಿ ಮಾಡಿ ಬಿಟ್ಟು ಹೋದರೆ ಮುಂದಿನ ಸಲ ಮೈನಾ ಬರುತ್ತದೆ, ಗಿಣಿ ಬರುತ್ತದೆ. ಕೊರೆಯಲು ಬಾರದವರಿಗೆಲ್ಲ ಮನೆ ಮಾಡಿಕೊಡುವ ಬಡಗಿ ಅದು. ಅಣ್ಣ ಇಷ್ಟನ್ನೂ ಯಾವ ಪುಸ್ತಕ ಓದದೆ ತಿಳಿದಿದ್ದ. ನಾನು ಪುಸ್ತಕ ಓದಿದವಳು, ಸಿಮೆಂಟ್ ಕಲಸಿದೆ.

ಅವತ್ತೇ ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತಿಗೆ ಆಂಧ್ರದ ಗಡಿ ಕಡೆಯವರು, ಗಾಬರಿಯಾದರೆ ತೆಲುಗೇ ಬರುವುದು.

“ವದ್ದು ಶಾರದಾ, ವದ್ದು. ಈಗ ಇವರಿಗೆ ಹೇಳ್ಬೇಡ. ಕಣ್ಣಲ್ಲಿ ನೀರು ಬರಬಾರ್ದು ಅಂದಿದ್ದಾರೆ ಡಾಕ್ಟ್ರು. ಹೊಲಿಗೆ ಇದೆ. ವಾಸಿ ಆಗ್ಲಿ, ಆಮೇಲೆ ನೋಡೋಣ.”

ಹೊಲಿಗೆ ಬಿಚ್ಚಿದರು. ಪಟ್ಟಿ ತೆಗೆದರು. ಕಣ್ಣು ಬರಲಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ತಿಳಿಯುತ್ತದೆ, ಅಷ್ಟೇ. ಅಂಥವನಿಗೆ ಇದನ್ನು ಹೇಗೆ ಹೇಳುವುದು? ಅತ್ತಿಗೆಯ ‘ಆಮೇಲೆ’ ಮುಂದಕ್ಕೆ ಹೋಯಿತು. ನನಗೂ ಅದೇ ಬೇಕಿತ್ತು ಅನ್ನುವುದು ಸತ್ಯ.

ಅಣ್ಣ ಊರಿಗೆ ಬಂದವನು ಮಾರನೇ ಬೆಳಿಗ್ಗೆಯೇ ನಾಟಿ ಮರದ ಹತ್ತಿರ ಕುರ್ಚಿ ಹಾಕಿಸಿಕೊಂಡ. ಕೂತ. ಒಂಬತ್ತು ಗಂಟೆಯಾದರೂ ಏಳಲಿಲ್ಲ. “ಇವತ್ತು ಬಂದಿಲ್ಲ” ಅಂದ. ಎರಡನೇ ದಿನವೂ ಅದೇ. ಒಂದು ವಾರ ಕಳೆದ ಮೇಲೆ “ವಡ್ರಂಗಿ ಎಲ್ಲಿ ಹೋಯ್ತು ಶಾರದಾ?” ಅಂತ ನನ್ನನ್ನೇ ಕೇಳಿದ. “ಸೀಸನ್ ಮುಗೀತಲ್ಲ, ಎಲ್ಲೋ ಹೋಗಿರ್ಬೇಕು” ಅಂದೆ. ಅದಕ್ಕೆ ಸೀಸನ್ ಇಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ ಅನ್ನುವುದು ಅವನಿಗೆ ಗೊತ್ತು. ತಂಗಿ ಸುಳ್ಳು ಹೇಳುತ್ತಾಳೆ ಎಂದು ಮಾತ್ರ ಗೊತ್ತಿಲ್ಲ.

ಅವನು ತಾನೇ ಒಂದು ಉತ್ತರ ಹುಡುಕಿಕೊಂಡ. ಹೂವಿನ ಕಾಲದಲ್ಲಿ ಜಿಗಿಹುಳಕ್ಕೆ ಔಷಧಿ ಹೊಡೆಸಿದ್ದರಲ್ಲ, ಆ ವಿಷದ ಹುಳ ತಿಂದು ಹಕ್ಕಿ ಸತ್ತಿರಬೇಕು ಅಂತ. ಹದಿನೈದು ದಿನದ ಹಿಂದೆ ಫಸಲು ಮುಗಿಸಿ ಬಾಬಾಜಾನ್ ಹೇಳಿ ಹೋಗಲು ಬಂದಿದ್ದರು. ಪ್ರತಿ ವರ್ಷದ ಹಾಗೆ ಅತ್ತಿಗೆಗೆ ಅಂತ ಒಂದು ಬುಟ್ಟಿ ಒಳ್ಳೆಯ ಹಣ್ಣು ಆರಿಸಿ ತಂದಿದ್ದರು. ನಾನೂ ಅಲ್ಲೇ ಇದ್ದೆ.

ಅಣ್ಣ ಬುಟ್ಟಿಯ ಕಡೆ ಮುಖ ತಿರುಗಿಸಲಿಲ್ಲ. “ಬಾಬಾಜಾನ್, ಮುಂದಿನ ವರ್ಷದಿಂದ ನೀನು ಬರೋದು ಬೇಡ. ಈ ಸಲ ಎರಡೇ ಸಾರಿ ಹೊಡಿ ಅಂದಿದ್ದೆ, ನೀನು ಮೂರನೇದು ಕೇಳ್ದೆ, ನಾನೂ ಹೂಂ ಅಂದೆ. ನಿನ್ನ ಔಷಧಿಗೆ ನನ್ನ ಹಕ್ಕಿ ಹೋಯ್ತು” ಅಂದ.

ಬಾಬಾಜಾನ್ ನನ್ನನ್ನು ನೋಡಿದರು. ಅತ್ತಿಗೆಯನ್ನು ನೋಡಿದರು. ನಾವಿಬ್ಬರೂ ನೆಲ ನೋಡಿದೆವು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು “ಆಯ್ತು ವೆಂಕಟಣ್ಣ” ಅಂದರು. ಹನ್ನೆರಡು ವರ್ಷ ಎರಡು ಶಬ್ದದಲ್ಲಿ ಮುಗಿಯಿತು.

ಗೇಟಿನವರೆಗೂ ಅವರ ಹಿಂದೆ ಓಡಿದೆ. “ಯಾಕೆ ಹೇಳ್ಲಿಲ್ಲ ಬಾಬಾಜಾನ್?” ಅಂದೆ. (ನಾಚಿಕೆಗೆಟ್ಟವಳು ಕೇಳುವ ಪ್ರಶ್ನೆ. ಹೇಳಬೇಕಾಗಿದ್ದವಳು ನಾನು.)

“ನನ್ಮೇಲೆ ಇರ್ಲಿ ಬಿಡಿ ಅಕ್ಕಾ. ನಾನು ಹೊರಗಿನೋನು, ಇವತ್ತಲ್ಲ ನಾಳೆ ಮರೀತಾರೆ. ನಿಮ್ಮ ಮೇಲೆ ಬಂದ್ರೆ ಅಣ್ಣಂಗೆ ಯಾರಿದಾರೆ?” ಅಂದು ಗಾಡಿ ಸ್ಟಾರ್ಟ್ ಮಾಡಿದರು.

ಅದಕ್ಕೇ ಲಟ್ಟಣಿಗೆ. ಹಕ್ಕಿ ಬಂದಿದೆ ಅಂತ ಅಣ್ಣನಿಗೆ ಅನ್ನಿಸಿಬಿಟ್ಟರೆ ಔಷಧಿಯ ತಪ್ಪಿಲ್ಲ ಅಂತಾಯಿತು. ಔಷಧಿಯ ತಪ್ಪಿಲ್ಲದಿದ್ದರೆ ಬಾಬಾಜಾನ್ ತಪ್ಪಿಲ್ಲ. ಅಣ್ಣನೇ ಫೋನ್ ಮಾಡಿ ಕರೆಯುತ್ತಾನೆ. ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ. ಎಂಥ ಪ್ಲಾನ್ ನೋಡಿ. ಇಂಗ್ಲಿಷ್ ಎಂ.ಎ. ಮಾಡಿದ್ದಕ್ಕೂ ಸಾರ್ಥಕ.

ಹತ್ತು ನಿಮಿಷ ಕುಟ್ಟಿದೆ. ಕೈ ನೋವು ಬಂತು. ಅಣ್ಣ ಕತ್ತು ಓರೆ ಮಾಡಿ, ಆ ಹಕ್ಕಿಯ ಹಾಗೇ, ಕೇಳುತ್ತಾ ಕೂತಿದ್ದ. ಕೊನೆಗೆ ಲಟ್ಟಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಆಗ ತಾನೇ ಬಂದವಳ ಹಾಗೆ ಅವನ ಹತ್ತಿರ ಹೋದೆ.

“ಪಕ್ಕದ ತೋಟದಲ್ಲಿ ಯಾರೋ ಗೂಟ ಹೊಡೀತಾ ಇದಾರೆ ಅನ್ಸುತ್ತೆ” ಅಂದ.

ಅವನೇ ಮುಂದುವರಿಸಿದ.

“ಬಾಬಾಜಾನ್‌ಗೆ ಹಂಗೆ ಅನ್ಬಾರ್ದಿತ್ತು ಶಾರದಾ. ಅವನು ಕೇಳ್ದ, ಸರಿ. ಹೂಂ ಅಂದೋನು ಯಾರು? ನಾನು ತಾನೇ. ಅವನ ಮೇಲೆ ಹಾಕಿದ್ರೆ ನನ್ ತಪ್ಪು ಹೋಗ್ತದಾ? ಆ ಹಕ್ಕೀನ ಕೊಂದೋನು ನಾನೇ ಕಣೇ. ರಾತ್ರಿ ಮಲಗಿದ್ರೂ ಅದೇ ಬರ್ತದೆ.” ಮರದ ಕಡೆ ಕೈ ಚಾಚಿದ. “ನೀನಾದ್ರೂ ಮರ ಉಳಿಸ್ದೆ. ಅಷ್ಟು ಸಾಕು ಬಿಡು.”

ಆಗಲೇ ಹೇಳಬೇಕಿತ್ತು. ಕೈ ಹಿಡಿದುಕೊಂಡು, ಅಲ್ಲೇ. ಬಾಯಿ ಬರಲಿಲ್ಲ. ಬರೆಯುವವರಿಗೆ ಇದೊಂದು ರೋಗ, ಮನೆಯವರ ಎದುರು ಆಡಲಾಗದ ಮಾತನ್ನು ಊರಿಗೆಲ್ಲ ಹೇಳುತ್ತೇವೆ.

ನಿನ್ನೆ ಬಾಬಾಜಾನ್‌ಗೆ ಫೋನ್ ಮಾಡಿ ಹೀಗೆ ಬರೆಯುತ್ತಿದ್ದೇನೆ ಅಂದೆ. “ಬೇಡಿ ಅಕ್ಕಾ, ನಿಮ್ಮ ಮರ್ಯಾದೆ” ಅಂದರು. ಮರ್ಯಾದೆ ಏಪ್ರಿಲ್‌ನಲ್ಲೇ ಅಚ್ಚಾಗಿದೆ, ಫೋಟೋ ಸಮೇತ.

ಪ್ರತಿ ಶುಕ್ರವಾರ ಕಾಫಿ ಆದ ಮೇಲೆ ಅತ್ತಿಗೆ ಈ ಅಂಕಣವನ್ನು ಅಣ್ಣನಿಗೆ ಓದಿ ಹೇಳುತ್ತಾರೆ. ಅವನಿಗೆ ಬೇಸರವಾಗುವಂಥದ್ದು ಬಂದರೆ ಮೆಲ್ಲಗೆ ಬಿಟ್ಟುಬಿಡುತ್ತಾರೆ. ಒಂದು ಸಲ ನಾನು ಎದುರಿಗೇ ಇದ್ದೆ. ಕಣ್ಣಿನ ಬಗ್ಗೆ ಬರೆದಿದ್ದ ಇಡೀ ಪ್ಯಾರಾ ಮಾಯ. ಯಾಕೆ ಅಂತ ಸನ್ನೆ ಮಾಡಿದರೆ, ಇರಲಿ ಬಿಡು ಅಂತ ಕೈಯಾಡಿಸಿದರು.

ಅಣ್ಣಾ, ಔಷಧಿ ಅಲ್ಲ. ಬಾಬಾಜಾನ್ ಅಲ್ಲ. ನೀನಂತೂ ಅಲ್ಲವೇ ಅಲ್ಲ. ಖಾಲಿ ಇಲ್ಲ ಅಂತ ನೀನು ಹೇಳುತ್ತಿದ್ದ ಮನೆಯ ಬಾಗಿಲಿಗೆ ಸಿಮೆಂಟ್ ಮೆತ್ತಿದವಳು ನಾನು. ಭಾನುವಾರ ಗೂಟ ಹೊಡೆದವಳೂ ನಾನೇ.

ಅತ್ತಿಗೆ, ಒಂದು ಸಾಲನ್ನೂ ಬಿಡದೆ ಓದಿದಿರಿ ತಾನೇ?